ಕ್ಯಾಮೆರಾ ಕಣ್ಣಿಗೆ ಅಡಿಗೆಮನೆ ಕಾಣದು

ರಾತ್ರಿ ಕೊನೆ ಬಸ್ಸು ಸ್ಟಾಂಡಿಗೆ ಬಂದು ನಿಂತಾಗ ಕಂಕುಳಲ್ಲಿ ಮಗು, ಕೈಯಲ್ಲೊಂದು ಚೀಲ ಹಿಡಿದು ಇಳಿಯುವ ಹೆಂಗಸನ್ನು ನೀವೂ ಕಂಡಿರಬಹುದು. ಹುಬ್ಬಿನ ಮೇಲೆ ಏಟಿನ ಗುರುತು. ಸೆರಗನ್ನು ಮುಂದಕ್ಕೆ ಎಳೆದುಕೊಂಡಿರುತ್ತಾಳೆ. ಎಲ್ಲಿಗೆ ಹೋಗಬೇಕೆಂದು ಅವಳಿಗೇ ಗೊತ್ತಿಲ್ಲ. ನೋಡಿದವರು ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನಮಗ್ಯಾಕೆ’ ಅಂತ ಅಂಗಡಿ ಷಟರ್ ಎಳೆದು ಮನೆಗೆ ಹೋಗುತ್ತಾರೆ.

ಇಂಥವಳಿಗೆ ಕೊಡಲು ಸರ್ಕಾರದ ಹತ್ತಿರ ದುಡ್ಡಿಲ್ಲವೆ? ಇದೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ, ಓಡುತ್ತಿದ್ದ ಖಾಸಗಿ ಬಸ್ಸಿನೊಳಗೆ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಅತ್ಯಾಚಾರ, ಆಮೇಲೆ ಆಕೆಯ ಸಾವು ಇಡೀ ದೇಶವನ್ನು ಬೀದಿಗಿಳಿಸಿತು. 2013ರ ಬಜೆಟ್ಟಿನಲ್ಲಿ ಅಂದಿನ ಹಣಕಾಸು ಮಂತ್ರಿ ಚಿದಂಬರಂ 1,000 ಕೋಟಿ ರೂಪಾಯಿಯ ‘ನಿರ್ಭಯಾ ನಿಧಿ’ ಘೋಷಿಸಿದರು. ಮೊದಲ ಒಂದೆರಡು ವರ್ಷ ಅದರಲ್ಲಿ ಖರ್ಚಾದದ್ದು ಇಲ್ಲವೆನ್ನುವಷ್ಟು ಕಡಿಮೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಆಮೇಲೆ ಪೂಜಾರಿಗಳು ಕೈ ಬಿಚ್ಚಿದರು. ಬೆಂಗಳೂರು ಸೇರಿ 8 ದೊಡ್ಡ ನಗರಗಳಿಗೆ ‘ಸೇಫ್ ಸಿಟಿ’ ಯೋಜನೆ ಬಂತು. ಬೆಂಗಳೂರೊಂದರದ್ದೇ ಸುಮಾರು 667 ಕೋಟಿ ರೂಪಾಯಿ. ಕೇಂದ್ರದ ಪಾಲು 60, ರಾಜ್ಯದ್ದು 40. ರಸ್ತೆ ರಸ್ತೆಗೆ ಕ್ಯಾಮೆರಾ, ಪೊಲೀಸರಿಗೆ ಕಂಟ್ರೋಲ್ ರೂಮು. ನಿಧಿಯ ಹಣದಲ್ಲಿ ಬಿಎಂಟಿಸಿ ಬಸ್ಸುಗಳಿಗೂ ಕ್ಯಾಮೆರಾ ಬಂತು. ಇದು ಬೇಡವೆಂದು ಯಾರೂ ಹೇಳುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಬೀದಿದೀಪವೂ ಬೇಕು, ಕ್ಯಾಮೆರಾನೂ ಬೇಕು.

ಆದರೆ ಹೊಡೆತ ಬೀಳುವುದು ಎಲ್ಲಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಹೀಗಿದೆ: ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ನೂರಕ್ಕೆ 44 ಮಂದಿ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಅದು 20ರ ಆಸುಪಾಸಿನಲ್ಲಿತ್ತು. ಈ ಸಲ ದೇಶದಲ್ಲೇ ನಮ್ಮ ರಾಜ್ಯಕ್ಕೆ ಮೊದಲ ಸ್ಥಾನ. ಕಂಬದ ಮೇಲಿನ ಕ್ಯಾಮೆರಾ ಚೌಕವನ್ನು ನೋಡುತ್ತದೆ, ಅಡಿಗೆಮನೆಯನ್ನಲ್ಲ.

ಅಡಿಗೆಮನೆಯಿಂದ ಓಡಿ ಬಂದವಳಿಗೆ ಅದೇ ನಿಧಿಯಿಂದ ಆದ ಒಳ್ಳೆ ಕೆಲಸ ‘ಸಖಿ’ ಕೇಂದ್ರ. 2015ರಲ್ಲಿ ಶುರುವಾದ ಯೋಜನೆ, ಖರ್ಚೆಲ್ಲ ಕೇಂದ್ರದ್ದು. ಆಸ್ಪತ್ರೆ ಆವರಣದಲ್ಲಿ ಅಥವಾ ಅದರ ಹತ್ತಿರ ಇರಬೇಕೆಂದು ನಿಯಮ. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತ ಸಮಾಲೋಚನೆ, ಐದು ದಿನದ ಮಟ್ಟಿಗೆ ಊಟ ವಸತಿ, ಎಲ್ಲ ಒಂದೇ ಸೂರಿನಡಿ. ಇನ್ನೂ ಇರಬೇಕಾದರೆ ‘ಶಕ್ತಿ ಸದನ’ಕ್ಕೆ ಕಳಿಸುತ್ತಾರೆ. ‘ಮೊದಲು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬಾರಮ್ಮ’ ಎಂದು ಅಲ್ಲಿ ವಾಪಸು ಕಳಿಸುವಂತಿಲ್ಲ. ಕೇಸು ಹಾಕುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು.

ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯಲು ಸಾಧ್ಯವಿಲ್ಲ. ಅಡಚಣೆ ಇರುವುದು ಕಂತಿನಲ್ಲಿ. ಹಿಂದಿನ ಕಂತಿನ ಲೆಕ್ಕಪತ್ರ ಹೋಗಿ ಒಪ್ಪಿಗೆಯಾದ ಮೇಲೆ ಮುಂದಿನ ಕಂತು. ಜಿಲ್ಲೆಯಿಂದ ಬೆಂಗಳೂರು, ಬೆಂಗಳೂರಿನಿಂದ ದೆಹಲಿ. ಕಡತಕ್ಕೆ ಎಕ್ಸ್‌ಪ್ರೆಸ್ ಬಸ್ಸು ಇಲ್ಲ. ಅಲ್ಲಿ ಕೆಲಸ ಮಾಡುವವರು ಗುತ್ತಿಗೆಯವರು. ತಿಂಗಳುಗಟ್ಟಲೆ ಸಂಬಳ ಬಂದಿಲ್ಲವೆಂಬ ದೂರು ದೇಶದ ಹಲವು ಕಡೆಯಿಂದ ಬಂದಿದೆ. ಕ್ಯಾಮೆರಾಕ್ಕೆ ಟೆಂಡರು ಒಮ್ಮೆ ಕರೆದರಾಯಿತು. ನಡುರಾತ್ರಿ ಬಾಗಿಲು ತೆಗೆಯುವ ಹೆಣ್ಣುಮಗಳಿಗೆ ಪ್ರತಿ ತಿಂಗಳೂ ಸಂಬಳ ಬೇಕು. ಅನುದಾನ ಕೊಡುವವರಿಗೆ ಮೊದಲನೆಯದು ಸಲೀಸು, ಫೋಟೋಗೂ ಚೆಂದ.

ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರಲ್ಲಿ ಜಾರಿಗೆ ಬಂತು. ಅದರಲ್ಲಿ ಹೇಳಿದ ರಕ್ಷಣಾಧಿಕಾರಿ ನಮ್ಮಲ್ಲಿ ಬೇರೆ ಯಾರೂ ಅಲ್ಲ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅಂಗನವಾಡಿಯ ಮೊಟ್ಟೆ ಲೆಕ್ಕ, ಆಹಾರದ ಲೆಕ್ಕ ಎಲ್ಲ ನೋಡಿಕೊಂಡು, ಬಿಡುವಾದಾಗ ಇದು!

ಆಸ್ಪತ್ರೆ ವಿಷಯವೂ ಗೊತ್ತಿರಲಿ. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ನರ್ಸಿಂಗ್ ಹೋಮ್ ಕೂಡ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು. ಪರಿಹಾರದ ಅರ್ಜಿ ಹೋಗಬೇಕಾದದ್ದು ಕೋರ್ಟು ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ರಾಷ್ಟ್ರೀಯ ಪ್ರಾಧಿಕಾರ 2018ರಲ್ಲಿ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಗೊತ್ತುಮಾಡಿದ್ದು 4ರಿಂದ 7 ಲಕ್ಷ. ಅರ್ಜಿ ಹಾಕಲು ಕೇಸಿನ ತೀರ್ಪಿಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ.

ಇನ್ನು ಅಂಗಡಿಯವರ ಬಾಬತ್ತು. ಆಸಿಡ್ ಮಾರುವವರು ಕೊಳ್ಳುವವರ ಹೆಸರು, ವಿಳಾಸ, ಎಷ್ಟು ಕೊಂಡರೆಂಬುದನ್ನು ರಿಜಿಸ್ಟರಿನಲ್ಲಿ ಬರೆಯಬೇಕು, ಗುರುತಿನ ಚೀಟಿ ನೋಡಬೇಕು, 18 ತುಂಬದವರಿಗೆ ಕೊಡಲೇಬಾರದು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಅಪ್ಪಣೆ ಮಾಡಿದೆ. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಆ ರಿಜಿಸ್ಟರಿಗೆ ಯಾವ ನಿಧಿಯೂ ಬೇಡ, ಒಂದು ನೋಟ್‌ಬುಕ್ ಸಾಕು. ನಿಮ್ಮ ಗಲ್ಲಾದ ಪಕ್ಕ ಅದು ಇದೆಯೆ?

ಬಸ್ಸಿನವರದ್ದು ಇನ್ನೊಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಏಟು ತಿಂದು ತೌರಿಗೆ ಹೊರಟವಳಿಗೆ ಇದರಿಂದ ದೊಡ್ಡ ಉಪಕಾರ. ಆದರೆ ಗುರುತಿನ ಚೀಟಿ ತೋರಿಸಬೇಕು. ಉಟ್ಟ ಬಟ್ಟೆಯಲ್ಲಿ ಓಡಿ ಬಂದವಳ ಹತ್ತಿರ ಚೀಟಿ ಎಲ್ಲಿರುತ್ತೆ? ಅಂಥವಳು ಕಂಡಕ್ಟರ್ ಮುಂದೆ ತಬ್ಬಿಬ್ಬಾಗಿ ನಿಂತರೆ ಪಕ್ಕದ ಸೀಟಿನವರು ಒಂದು ಟಿಕೆಟ್ ತೆಗೆದುಕೊಟ್ಟು, 181ಕ್ಕೆ ಫೋನು ಹಚ್ಚಿಕೊಡಬಹುದು. ಅದು ಹಗಲೂ ರಾತ್ರಿಯೂ ಇರುವ ಸಹಾಯವಾಣಿ, ಫೋನಿಗೆ ಕಾಸಿಲ್ಲ. ಹತ್ತಿರದ ಸಖಿ ಕೇಂದ್ರ ಎಲ್ಲಿದೆ ಅಂತ ಅವರೇ ಹೇಳುತ್ತಾರೆ.