ಒಂದು ದಿನ ತಕ್ಷಣ, ಇನ್ನೊಂದು ದಿನ ತಡ: ಡೀಸೆಲ್ ಕಾರಿನ ಸ್ಟಾರ್ಟಿಂಗ್ ರಗಳೆ

ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆದ ಕಾರು, ಬುಧವಾರ ಹತ್ತು ಸೆಕೆಂಡು ಸೆಲ್ಫ್ ಹೊಡೆದ ಮೇಲೆ ಕೆಮ್ಮುತ್ತಾ ಎದ್ದೇಳುತ್ತದೆ. ಗುರುವಾರ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಕೈಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್! ‘ಗಾಡಿ ಚೆನ್ನಾಗೇ ಇದೆಯಲ್ಲ ಸಾರ್’ ಎಂಬ ಮಾತು ಕೇಳಿಸಿಕೊಂಡು ಮಾಲೀಕರು ಮರಳುತ್ತಾರೆ. ಶನಿವಾರ ಮತ್ತೆ ಅದೇ ರಗಳೆ.

ಮುಂದಿನದು ದುಬಾರಿ ದಾರಿ. ಮೊದಲು ಬ್ಯಾಟರಿ ಬದಲು. ಅದರಿಂದ ಸರಿಹೋಗದಿದ್ದರೆ ಹೀಟರ್ ಪ್ಲಗ್, ಆಮೇಲೆ ಡೀಸೆಲ್ ಫಿಲ್ಟರ್, ಕೊನೆಗೆ ಹತ್ತಾರು ಸಾವಿರ ರೂಪಾಯಿ ಬಾಳುವ ಇಂಜೆಕ್ಟರ್‌ಗಳು. ಆಗಾಗ ಮಾತ್ರ ತಲೆಯೆತ್ತುವ ದೋಷದ ಅಪಾಯವೇ ಇದು: ಯಾವ ಭಾಗ ಬದಲಿಸಿದರೂ ನಾಲ್ಕು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ಆದರೆ ಕಾರಣವಿಲ್ಲದೆ ಯಾವ ಕಾರೂ ತಡಮಾಡುವುದಿಲ್ಲ. ಯಾವ ಹೊತ್ತಿನಲ್ಲಿ, ಎಂಥ ಜಾಗದಲ್ಲಿ, ಎಷ್ಟು ಹೊತ್ತು ನಿಂತ ಮೇಲೆ ತಡವಾಯಿತು ಎಂಬುದರಲ್ಲೇ ದೋಷದ ಸುಳಿವಿರುತ್ತದೆ. ಅದನ್ನು ಗುರುತಿಸಿ, ಮೀಟರ್ ಹಿಡಿದು ಅಳೆದು, ಆಮೇಲೆ ಸ್ಪ್ಯಾನರ್ ಎತ್ತಿದರೆ ಹಣವೂ ಉಳಿಯುತ್ತದೆ, ಕಾರೂ ಸರಿಹೋಗುತ್ತದೆ.

ಕಿಡಿಯಿಲ್ಲದ ಎಂಜಿನ್

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ನಡೆಸಿ ತೋರಿಸಿದ ಎಂಜಿನ್ನಿನ ತತ್ವ ಇಂದಿಗೂ ಅದೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬೆಚ್ಚಗಾಗುವುದೂ ಇದೇ ಕಾರಣಕ್ಕೆ. ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಹದಿನಾರು–ಹದಿನೆಂಟರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಇದು ಇನ್ನೂ ಹೆಚ್ಚು. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿನೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ.

ಹಾಗಾಗಿ ಸ್ಟಾರ್ಟ್ ಆಗುವ ಕ್ಷಣದಲ್ಲಿ ಎಂಜಿನ್ನಿಗೆ ಮುಖ್ಯವಾಗಿ ಬೇಕಾದದ್ದು ಮೂರು. ಸೆಲ್ಫ್ ಮೋಟಾರ್ ಅದನ್ನು ಸಾಕಷ್ಟು ವೇಗವಾಗಿ ತಿರುಗಿಸಬೇಕು. ಒಳಗೆ ಸಾಕಷ್ಟು ಕಾವು ಹುಟ್ಟಬೇಕು. ಸರಿಯಾದ ಒತ್ತಡದಲ್ಲಿ ಡೀಸೆಲ್ ಬರಬೇಕು.

ಡೀಸೆಲ್ ಒದಗಿಸುವ ಈ ಮೂರನೆಯ ಕೆಲಸ ಹಿಂದೆ ಸರಳವಾಗಿತ್ತು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ, ಅಂದರೆ ಇಂದಿನ ಬಾಷ್ ಲಿಮಿಟೆಡ್, ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದ ಇಂಧನ ಪಂಪುಗಳು ದೇಶದ ಅನೇಕ ಲಾರಿ, ಟ್ರ್ಯಾಕ್ಟರ್‌ಗಳಿಗೆ ಹೋಗುತ್ತಿದ್ದವು. ಅವು ಪೂರ್ತಿ ಯಾಂತ್ರಿಕ ಪಂಪುಗಳು. ಎಂಜಿನ್ ತಿರುಗಿದರೆ ಡೀಸೆಲ್ ಹೋಗುತ್ತಿತ್ತು, ಅಷ್ಟೆ. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಕಾಮನ್ ರೈಲ್ ವ್ಯವಸ್ಥೆ ಕಾರುಗಳಿಗೆ ಬಂತು. 2005ರಿಂದ ಬಿಡದಿಯಲ್ಲಿ ತಯಾರಾದ ಡೀಸೆಲ್ ಇನ್ನೋವಾದಲ್ಲೂ ಇದ್ದದ್ದು ಇದೇ. ಇಲ್ಲಿ ಒಂದು ಕಂಪ್ಯೂಟರ್ ಬಾಗಿಲು ಕಾಯುತ್ತದೆ. ರೈಲ್ ಎಂಬ ದಪ್ಪ ಕೊಳವೆಯಲ್ಲಿ ಒತ್ತಡ ಸಾಮಾನ್ಯವಾಗಿ 200ರಿಂದ 250 ಬಾರ್ ಮುಟ್ಟುವವರೆಗೆ, ಎಂಜಿನ್ ತಿರುಗುತ್ತಿದೆ ಎಂದು ಸೆನ್ಸರ್ ಹೇಳುವವರೆಗೆ, ಅದು ಇಂಜೆಕ್ಟರ್‌ಗಳನ್ನು ತೆರೆಯುವುದೇ ಇಲ್ಲ. ಈ ಸರಪಳಿಯ ಯಾವ ಕೊಂಡಿ ಸಡಿಲಾದರೂ ಚಾಲಕನಿಗೆ ಕಾಣುವುದು ಒಂದೇ ಲಕ್ಷಣ: ಸ್ಟಾರ್ಟ್ ತಡ.

ಮೊದಲ ಪರೀಕ್ಷೆ ಕಿವಿಯದು

‘ಬೇಗ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಒಂದರಲ್ಲಿ ಸೆಲ್ಫ್ ಮೋಟಾರೇ ಭಾರ ಎಳೆದಂತೆ ನಿಧಾನವಾಗಿ ತಿರುಗುತ್ತದೆ. ಇನ್ನೊಂದರಲ್ಲಿ ಸೆಲ್ಫ್ ಚುರುಕಾಗೇ ತಿರುಗುತ್ತದೆ, ಆದರೆ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಮೊದಲನೆಯದು ಬಹುತೇಕ ವಿದ್ಯುತ್ತಿನ ಸಮಸ್ಯೆ, ಎರಡನೆಯದು ಇಂಧನ, ಕಾವು ಅಥವಾ ಸೆನ್ಸರ್‌ನದು. ಈ ವ್ಯತ್ಯಾಸ ಗುರುತಿಸದೆ ಬಿಚ್ಚಲು ಹೊರಟವರೇ ಹೆಚ್ಚು ಹಣ ಕಳೆದುಕೊಳ್ಳುವುದು. ತಡವಾದ ದಿನ ಮೊಬೈಲಿನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ ಅನುಭವಿ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ.

ಸೈಲೆನ್ಸರ್ ಕಡೆಗೂ ಒಬ್ಬರು ನೋಡುತ್ತಿರಲಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ.

ಒಂದು ಓಮ್‌ನ ನೂರರಲ್ಲೊಂದು ಪಾಲು

ನಿಧಾನವಾಗಿ ತಿರುಗುವ ಎಂಜಿನ್ನಿಗೆ ಬ್ಯಾಟರಿಯಿಂದಲೇ ತಪಾಸಣೆ ಶುರುವಾಗಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. ರಾತ್ರಿಯಿಡೀ ನಿಂತ ಕಾರಿನ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.0 ತೋರಿಸಿದರೆ ಅದರಲ್ಲಿ ಕಾಲು ಭಾಗದಷ್ಟೇ ಚಾರ್ಜ್ ಉಳಿದಿದೆ ಎಂದುಕೊಳ್ಳಬೇಕು. ಸೆಲ್ಫ್ ಹೊಡೆಯುವಾಗ ಮೀಟರ್ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನವಾದರೆ? ಆಗ ನೋಡಬೇಕಾದದ್ದು ವೈರು, ಟರ್ಮಿನಲ್ ಮತ್ತು ಅರ್ಥ್. ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ ಮೋಟಾರ್ 300 ಆಂಪಿಯರ್ ಎಳೆಯುವುದು ಸಾಮಾನ್ಯ. ಅಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರರಲ್ಲೊಂದು ಪಾಲು ತಡೆ ಇದ್ದರೂ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಟರ್ಮಿನಲ್ಲಿನ ಬಿಳಿ ಪುಡಿ, ಸಡಿಲವಾದ ಬೋಲ್ಟ್, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯ ತುಕ್ಕು — ಅಷ್ಟು ತಡೆ ಹುಟ್ಟಲು ಇವೇ ಸಾಕು. ಒಂದು ದಿನ ಸರಿ, ಒಂದು ದಿನ ಕೆಟ್ಟ ಎಂಬ ಆಟ ಆಡಿಸುವುದರಲ್ಲಿ ಈ ಸಡಿಲ ಕೊಂಡಿಗಳದ್ದು ದೊಡ್ಡ ಪಾಲು. ಇಂಥ ತಡೆಯನ್ನು ಓಮ್ ಮೀಟರ್ ಹಿಡಿಯುವುದಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ನಿನ ಬರಿಯ ಲೋಹಕ್ಕೂ ನಡುವೆ ವೋಲ್ಟೇಜ್ ಅಳೆಯಬೇಕು. ಅದು ಸುಮಾರು 0.3 ವೋಲ್ಟ್ ದಾಟಿದರೆ ಅರ್ಥ್ ಕಳಪೆ. ಪಾಸಿಟಿವ್ ಕೇಬಲ್ಲಿನ ಎರಡು ತುದಿಗಳ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೂ ಅಷ್ಟೇ. ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ ಇದು.

ಇವೆಲ್ಲ ಸರಿಯಿದ್ದರೆ ಸೆಲ್ಫ್ ಮೋಟಾರನ್ನೇ ಬಿಚ್ಚಿ ಕಾರ್ಬನ್ ಬ್ರಷ್, ಬುಷ್, ಸೊಲೆನಾಯ್ಡಿನ ಕಾಂಟ್ಯಾಕ್ಟ್ ನೋಡಬೇಕು.

ಎಂಜಿನ್ ಹತ್ತಿಕೊಳ್ಳದಿದ್ದಾಗ

ಸೆಲ್ಫ್ ಚುರುಕಾಗಿದ್ದೂ ಎಂಜಿನ್ ಹತ್ತಿಕೊಳ್ಳದಿದ್ದರೆ ಸಂದರ್ಭವೇ ದಾರಿ ತೋರಿಸುತ್ತದೆ.

ರಾತ್ರಿ ನಿಂತ ಕಾರು ಬೆಳಿಗ್ಗೆ ತಡಮಾಡುತ್ತದೆ, ಆಮೇಲೆ ದಿನವಿಡೀ ಸರಿಯಾಗಿರುತ್ತದೆ ಎಂದುಕೊಳ್ಳೋಣ. ಚಳಿಯ ದಿನ ಮಾತ್ರ ಹೀಗಾದರೆ, ಬಿಳಿ ಹೊಗೆಯೂ ನಡುಕವೂ ಜೊತೆಗಿದ್ದರೆ, ಸಂಶಯ ಹೀಟರ್ ಪ್ಲಗ್ ಮೇಲೆ. ಸಿಲಿಂಡರ್ ಒಳಗೆ ಸೆಕೆಂಡುಗಳಲ್ಲಿ ಕೆಂಪಗೆ ಕಾಯುವ ಈ ಸಣ್ಣ ಕಡ್ಡಿಗಳಲ್ಲಿ ಒಂದೆರಡು ಸತ್ತಿದ್ದರೂ ಎಂಜಿನ್ ಉಳಿದವುಗಳ ಮೇಲೆ ಕುಂಟುತ್ತಾ ಏಳುತ್ತದೆ. ಬೀದರ್, ವಿಜಯಪುರಗಳ ಡಿಸೆಂಬರ್ ಬೆಳಗಿನಲ್ಲಿ ಇದು ಗೊತ್ತಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಎಂದೂ ಗೊತ್ತಾಗದೆ ಹೋಗಬಹುದು. ಹಾಗಾಗಿ ಕರಾವಳಿಯ ಕಾರು ಏಪ್ರಿಲ್‌ನಲ್ಲಿ ತಡವಾಗಿ ಸ್ಟಾರ್ಟ್ ಆದರೆ ಹೀಟರ್ ಪ್ಲಗ್ ಬದಲಿಸುವುದು ವ್ಯರ್ಥ ಖರ್ಚು. ಚಳಿಯಲ್ಲಿ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುವುದೂ ಉಂಟು, ಆದರೆ ಅದು ಹಿಮಾಲಯದ ಕಷ್ಟ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಕರ್ನಾಟಕದ ಯಾವ ಊರಿಗೂ ಅದರ ಅಗತ್ಯವಿಲ್ಲ.

ಚಳಿ, ಸೆಕೆ ಎನ್ನದೆ ರಾತ್ರಿ ನಿಂತ ಮೇಲೆಲ್ಲ ತಡವಾದರೆ ‘ಏರ್ ಹಿಡಿದಿದೆ’ ಎಂಬ ಗ್ಯಾರೇಜಿನ ಮಾತು ನಿಜವಿರಬಹುದು. ಫಿಲ್ಟರಿನ ಸೀಲ್, ರಬ್ಬರ್ ಪೈಪಿನ ಬಿರುಕು, ಸಡಿಲ ಕ್ಲಿಪ್ — ಇವುಗಳ ಮೂಲಕ ಗಾಳಿ ಒಳಸೇರಿದರೆ ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಮರಳುತ್ತದೆ. ಬೆಳಿಗ್ಗೆ ಪಂಪ್ ಮೊದಲು ಗಾಳಿಯನ್ನು ಹೊರಹಾಕಿ, ಆಮೇಲೆ ಡೀಸೆಲ್ ಎಳೆದು, ಒತ್ತಡ ಕಟ್ಟಬೇಕು. ಸೋರುವ ಜಾಗದಲ್ಲಿ ಹೊರಗೆ ಒಂದು ಹನಿ ಡೀಸೆಲ್ಲೂ ಕಾಣದಿರಬಹುದು, ಏಕೆಂದರೆ ಅಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ. ಇದನ್ನು ಪತ್ತೆಹಚ್ಚಲು ಖರ್ಚಿಲ್ಲದ ಉಪಾಯವಿದೆ. ಮಡಿಕೇರಿಯಂಥ ಏರುತಗ್ಗಿನ ಊರಿನಲ್ಲಿ ಕಾರನ್ನು ಒಂದು ರಾತ್ರಿ ಮೂತಿ ಮೇಲಾಗಿ, ಇನ್ನೊಂದು ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸಿ ನೋಡಬೇಕು. ಮೂತಿ ಮೇಲಿದ್ದಾಗ ಮಾತ್ರ ತಡವಾದರೆ, ಅಥವಾ ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದಾಗ ತೊಂದರೆ ಹೆಚ್ಚಾದರೆ, ಇಂಜೆಕ್ಟರ್ ಮುಟ್ಟುವ ಮೊದಲು ಪೈಪುಗಳನ್ನು ನೋಡಬೇಕು. ಫಿಲ್ಟರಿನ ಮುಂದೆ ಒಂದು ತುಂಡು ಪಾರದರ್ಶಕ ಪೈಪ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಮೂರನೆಯದು ಬಿಸಿಯ ತೊಂದರೆ. ಹೆದ್ದಾರಿಯಲ್ಲಿ ಎರಡು ಗಂಟೆ ಓಡಿದ ಕಾರನ್ನು ತಿಂಡಿಗೆ ನಿಲ್ಲಿಸಿ, ಇಪ್ಪತ್ತು ನಿಮಿಷದ ನಂತರ ಸೆಲ್ಫ್ ಹೊಡೆದರೆ ಏಳುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದೇಳುತ್ತದೆ. ಕಾದ ಡೀಸೆಲ್ ತೆಳುವಾಗುತ್ತದೆ. ಸವೆದ ಪಂಪು, ಇಂಜೆಕ್ಟರ್‌ಗಳ ಸಂದಿನಿಂದ ಅದು ಬೇಗ ಜಾರಿಹೋಗುವುದರಿಂದ ರೈಲಿನಲ್ಲಿ ಒತ್ತಡ ಕಟ್ಟುವುದಿಲ್ಲ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ಕ್ರ್ಯಾಂಕ್ ಸೆನ್ಸರ್ ಕಾದಾಗ ಮಾತ್ರ ಕೈಕೊಡುವುದೂ ಇದೆ. ಕಾದ ಸೆಲ್ಫ್ ಮೋಟಾರ್ ಸೋಲುವುದೂ ಇದೆ, ಆದರೆ ಆಗ ಅದು ನಿಧಾನವಾಗಿ ತಿರುಗುವುದು ಕಿವಿಗೇ ಗೊತ್ತಾಗುತ್ತದೆ. ಮೊದಲೆರಡಕ್ಕೂ ಲಕ್ಷಣ ಒಂದೇ, ಮದ್ದು ಬೇರೆ ಬೇರೆ.

ಇವನ್ನು ಬೇರ್ಪಡಿಸುವುದು ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಅದನ್ನು ಜೋಡಿಸಿ, ಸೆಲ್ಫ್ ಹೊಡೆಯುವಾಗ ಎರಡು ಅಂಕಿ ನೋಡಬೇಕು. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರು ಅಪರಾಧಿ. ಆರ್‌ಪಿಎಂ ಸರಿಯಿದ್ದು ರೈಲ್ ಒತ್ತಡ ನೂರು ಬಾರ್ ಆಸುಪಾಸಿನಲ್ಲೇ ತೆವಳಿದರೆ ಡೀಸೆಲ್ ಬರುವ ದಾರಿಯಲ್ಲಿ ತೊಂದರೆ. ಪಿ0087 ಎಂಬ ಕೋಡ್ ರೈಲ್ ಒತ್ತಡ ಕಡಿಮೆ ಎಂದು, ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕಿಟ್ಟಿನ ದೋಷ ಎಂದು ಹೇಳುತ್ತದೆ. ಆದರೆ ಕೋಡ್ ತೋರಿಸುವುದು ಲಕ್ಷಣವನ್ನು, ಕೆಟ್ಟ ಭಾಗವನ್ನಲ್ಲ. ಕಟ್ಟಿಕೊಂಡ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ, ಸವೆದ ಪಂಪ್, ಸೋರುವ ಇಂಜೆಕ್ಟರ್ — ಪಿ0087ಗೆ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಕೋಡ್ ಬರದಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದೂ ಅಲ್ಲ.

ಇಂಜೆಕ್ಟರ್ ಮೇಲೆಯೇ ಸಂಶಯ ಬಂದರೆ ಅದಕ್ಕೂ ಪರೀಕ್ಷೆಯಿದೆ. ಪ್ರತಿ ಇಂಜೆಕ್ಟರ್‌ನಿಂದ ಟ್ಯಾಂಕಿಗೆ ಮರಳುವ ಸಣ್ಣ ಪೈಪ್ ತೆಗೆದು, ಗೆರೆ ಹಾಕಿದ ಒಂದೊಂದು ಬಾಟಲಿಗೆ ಜೋಡಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸುತ್ತಾರೆ. ಮೂರು ಬಾಟಲಿಗಳಲ್ಲಿ ಒಂದೇ ಮಟ್ಟವಿದ್ದು ನಾಲ್ಕನೆಯದು ಅದರ ಮೂರು ಪಟ್ಟು ತುಂಬಿದರೆ, ರೈಲಿನ ಒತ್ತಡವನ್ನು ಸೋರಿಸುತ್ತಿರುವ ಇಂಜೆಕ್ಟರ್ ಅದೇ. ನಾಲ್ಕನ್ನೂ ಬದಲಿಸುವ ಬದಲು ಅದೊಂದನ್ನು ಡೀಸೆಲ್ ಪಂಪ್ ಸರ್ವಿಸ್ ಅಂಗಡಿಯ ಟೆಸ್ಟ್ ಬೆಂಚಿಗೆ ಕಳಿಸಿದರೆ ಸಾಕು.

ಮಾಡಬಾರದ ಕೆಲಸಗಳು

ಹಳೆಯ ಗಾಡಿಗಳಲ್ಲಿ ಎಂಜಿನ್ ತಿರುಗುತ್ತಿರುವಾಗಲೇ ನಾಝಲ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವುದು ವಾಡಿಕೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಎಂದೂ ಮಾಡಬಾರದು. ಓಡುವ ಎಂಜಿನ್ನಿನಲ್ಲಿ ಅಲ್ಲಿನ ಒತ್ತಡ 1600 ಬಾರ್ ಮೀರಬಹುದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಸೇರುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ತುರ್ತು ಸ್ಥಿತಿ ಅದು. ಗಾಳಿ ಎಳೆಯುವ ಪೈಪಿಗೆ ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಿಸುವುದೂ ಅಷ್ಟೇ ಅಪಾಯ. ಕಾದ ಹೀಟರ್ ಪ್ಲಗ್ ತಗುಲಿ ಅದು ಸಮಯಕ್ಕೆ ಮೊದಲೇ ಸಿಡಿದರೆ ಪಿಸ್ಟನ್, ರಿಂಗ್ ಮುರಿಯಬಹುದು. ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ಮತ್ತೆ ಹೊಡೆಯುವ ಮೊದಲು ಅರ್ಧ ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಮೋಟಾರಿನ ಸುರುಳಿ ಸುಟ್ಟು ಹೊಸ ಖರ್ಚು ಸೇರಿಕೊಳ್ಳುತ್ತದೆ.

ಕಾರಿಟ್ಟುಕೊಂಡವರು ಮಾಡಬೇಕಾದದ್ದು ಇಷ್ಟು. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ಪುಸ್ತಕವಿಡಿ. ತಡವಾದಾಗಲೆಲ್ಲ ದಿನ, ಹೊತ್ತು, ಎಂಜಿನ್ ಬಿಸಿಯೋ ತಣ್ಣಗೋ, ಎಷ್ಟು ಹೊತ್ತು ನಿಂತಿತ್ತು, ಇಳಿಜಾರೋ ಸಮತಟ್ಟೋ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್, ಸೆಲ್ಫ್ ಚುರುಕೋ ನಿಧಾನವೋ, ಹೊಗೆ ಬಂತೋ ಇಲ್ಲವೋ ಎಂದು ಒಂದು ಸಾಲು ಬರೆಯಿರಿ. ತಡವಾಗುವುದು ಬೆಳಿಗ್ಗೆ ಮಾತ್ರ ಎಂದಾದರೆ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಡಿ, ಮೊದಲ ಸೆಲ್ಫ್ ಮೆಕ್ಯಾನಿಕ್ಕೇ ಹೊಡೆಯಲಿ. ಯಾವುದೇ ಭಾಗ ಬದಲಿಸಲು ಒಪ್ಪುವ ಮೊದಲು ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್ ಎಷ್ಟು, ರೈಲ್ ಒತ್ತಡ ಎಷ್ಟು ಎಂದು ಕೇಳಿ, ಆ ಅಂಕಿಗಳನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಳ್ಳಿ.