ಹೊರಗಿನ ಟೀಕೆಗೆ ಕೊಲಂಬೊದ ಉತ್ತರ

ಶ್ರೀಲಂಕಾದ ಅಂತರ್ಯುದ್ಧ ಕೊನೆಯ ಘಟ್ಟ ಮುಟ್ಟಿದ್ದ 2009ರ ಏಪ್ರಿಲ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ವಿದೇಶಾಂಗ ಸಚಿವರಾದ ಡೇವಿಡ್ ಮಿಲಿಬ್ಯಾಂಡ್, ಬರ್ನಾರ್ಡ್ ಕುಶ್ನೇರ್ ಕೊಲಂಬೊಗೆ ಬಂದು ಕದನವಿರಾಮಕ್ಕೆ ಒತ್ತಾಯಿಸಿದರು. ಅಧ್ಯಕ್ಷ ಮಹಿಂದ ರಾಜಪಕ್ಸ ಸರ್ಕಾರ ಒಪ್ಪಲಿಲ್ಲ. ಅವರ ಜೊತೆ ಬರಬೇಕಿದ್ದ ಸ್ವೀಡನ್ನಿನ ಸಚಿವ ಕಾರ್ಲ್ ಬಿಲ್ಟ್ ಅವರಿಗೆ ವೀಸಾವೇ ಸಿಗಲಿಲ್ಲ. ಮೇ ತಿಂಗಳಲ್ಲಿ ನಂದಿಕಡಲ್ ಹಿನ್ನೀರಿನ ಬಳಿ ತಮಿಳು ಪ್ರತ್ಯೇಕತಾವಾದಿ ಸಂಘಟನೆಯಾದ ಎಲ್‌ಟಿಟಿಇ ನಾಯಕ ಪ್ರಭಾಕರನ್ ಹತನಾಗಿ, 1983ರಲ್ಲಿ ಶುರುವಾಗಿದ್ದ ಯುದ್ಧ ಮುಗಿಯಿತು. ಯುದ್ಧ ನಡೆಸಿದ ರೀತಿಯ ಕುರಿತ ವಾಗ್ವಾದ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಮುಂದುವರಿಯಿತು.

ಸರ್ಕಾರದ ಮೊದಲ ಆಸರೆ ಸಾರ್ವಭೌಮತ್ವ. ಸದಸ್ಯ ದೇಶದ ಆಂತರಿಕ ವಿಚಾರದಲ್ಲಿ ವಿಶ್ವಸಂಸ್ಥೆ ತಲೆಹಾಕುವಂತಿಲ್ಲ ಎಂದು ಅದರ ಸನ್ನದಿನ 2ನೇ ವಿಧಿಯ 7ನೇ ಉಪವಿಧಿ ಹೇಳುತ್ತದೆ. ಆದರೆ ನಾಗರಿಕರ ರಕ್ಷಣೆ ಅಂತರರಾಷ್ಟ್ರೀಯ ಹೊಣೆಯೂ ಹೌದು ಎಂದು 2005ರ ವಿಶ್ವ ಶೃಂಗಸಭೆಯಲ್ಲಿ ದೇಶಗಳು ಒಪ್ಪಿದ್ದವು. ತಕರಾರು ಹುಟ್ಟಿದ್ದು ಈ ಎರಡರ ನಡುವೆ.

ಎರಡನೆಯದು ಅಂಕಿಅಂಶದ ಜಗಳ. ವಿಶ್ವಸಂಸ್ಥೆಯ ಆಗಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ನೇಮಿಸಿದ ದಾರುಸ್ಮಾನ್ ಸಮಿತಿಯ 2011ರ ವರದಿ, ಕೊನೆಯ ಹಂತದಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಎಂದಿತು. ಸೇನೆ ಆಸ್ಪತ್ರೆಗಳ ಮೇಲೆ ಶೆಲ್ ದಾಳಿ ನಡೆಸಿತು, ಎಲ್‌ಟಿಟಿಇ ಜನರನ್ನು ಗುರಾಣಿ ಮಾಡಿಕೊಂಡಿತು ಎಂಬವು ಸಮಿತಿ ನಂಬಲರ್ಹವೆಂದು ಕಂಡ ಆರೋಪಗಳಲ್ಲಿ ಸೇರಿದ್ದವು. ಸರ್ಕಾರ ವರದಿಯನ್ನು ಪಕ್ಷಪಾತದ್ದೆಂದು ತಳ್ಳಿಹಾಕಿತು. ಆದರೆ 2008ರ ಸೆಪ್ಟೆಂಬರ್‌ನಲ್ಲಿ ಯುದ್ಧ ನಡೆಯುತ್ತಿದ್ದ ವನ್ನಿ ಪ್ರದೇಶದಿಂದ ವಿಶ್ವಸಂಸ್ಥೆಯ ಸಿಬ್ಬಂದಿಯನ್ನು ಹೊರಡಿಸಿದ್ದೂ ಪತ್ರಕರ್ತರನ್ನು ದೂರವಿಟ್ಟಿದ್ದೂ ಅದೇ ಸರ್ಕಾರ. ಕಣ್ಣಾರೆ ಕಂಡು ಲೆಕ್ಕ ಇಡುವವರು ಇಲ್ಲವಾದ್ದರಿಂದ ಸಾವಿನ ಸಂಖ್ಯೆ ಇಂದಿಗೂ ವಿವಾದದಲ್ಲೇ ಇದೆ.

ಮೂರನೆಯದು ಸ್ವದೇಶಿ ತನಿಖೆ. 2010ರಲ್ಲಿ ಸರ್ಕಾರ ತನ್ನದೇ ಆದ ‘ಪಾಠ ಮತ್ತು ಸಾಮರಸ್ಯ ಆಯೋಗ’ ರಚಿಸಿ, ವಿಚಾರಣೆ ಮನೆಯೊಳಗೇ ನಡೆಯುತ್ತಿದೆ ಎಂದಿತು. ಅದೇ ವರ್ಷ ಬಾನ್ ಅವರ ಸಮಿತಿಯನ್ನು ವಿರೋಧಿಸಿ ಸಚಿವ ವಿಮಲ್ ವೀರವಂಶ ವಿಶ್ವಸಂಸ್ಥೆಯ ಕೊಲಂಬೊ ಕಚೇರಿಯೆದುರು ಉಪವಾಸ ಕೂತರು. ಅಧ್ಯಕ್ಷರೇ ಬಂದು ನೀರು ಕುಡಿಸಿ ಉಪವಾಸ ಬಿಡಿಸಿದರು. ವಿದೇಶಿ ಟೀಕೆಗೆ ಎದೆಯೊಡ್ಡುವುದು ದೇಶದೊಳಗೆ ಮತ ತರುವ ಕೆಲಸವೂ ಆಗಿತ್ತು.

ನಾಲ್ಕನೆಯದು ಮಿತ್ರರ ಬಲ. 2009ರ ಮೇನಲ್ಲಿ ಮಾನವ ಹಕ್ಕುಗಳ ಮಂಡಳಿ ಕೊಲಂಬೊ ಪರವಾದ ನಿರ್ಣಯವನ್ನು 29–12 ಮತಗಳಿಂದ ಅಂಗೀಕರಿಸಿತು. ಭಾರತ, ಚೀನಾ, ರಷ್ಯಾ ಬೆಂಬಲಿಸಿದ್ದವು. 2012ರಲ್ಲಿ ಗಾಳಿ ತಿರುಗಿತು. ಅಮೆರಿಕ ಮಂಡಿಸಿದ ನಿರ್ಣಯ 24–15ರಿಂದ ಗೆದ್ದಿತು. ತಮಿಳುನಾಡಿನ ಪಕ್ಷಗಳ ಒತ್ತಡದ ನಡುವೆ ಭಾರತವೂ ಅದರ ಪರ ಮತ ಹಾಕಿತು. 2014ರಲ್ಲಿ ಮಂಡಳಿ ತನಿಖೆಗೆ ಆದೇಶಿಸಿದಾಗ ಭಾರತ ತಟಸ್ಥವಾಯಿತು. ತನಿಖಾ ತಂಡವನ್ನು ಕೊಲಂಬೊ ದೇಶದೊಳಕ್ಕೆ ಬಿಡಲಿಲ್ಲ.

ಈ ನಿಲುವು ಅಧಿಕಾರ ಬದಲಾದಂತೆ ಬದಲಾಯಿತು. 2015ರಲ್ಲಿ ಹೊಸ ಅಧ್ಯಕ್ಷ ಸಿರಿಸೇನರ ಸರ್ಕಾರ ಹೊಣೆಗಾರಿಕೆಯ ನಿರ್ಣಯಕ್ಕೆ ತಾನೇ ಸಹಪ್ರಾಯೋಜಕವಾಯಿತು. 2020ರಲ್ಲಿ ಗೋಟಬಯ ರಾಜಪಕ್ಸ ಸರ್ಕಾರ ಅದರಿಂದ ಹಿಂದೆ ಸರಿಯಿತು. 2021ರಲ್ಲಿ ಮಂಡಳಿ, ಮುಂದಿನ ವಿಚಾರಣೆಗಳಿಗಾಗಿ ಸಾಕ್ಷ್ಯ ಸಂಗ್ರಹಿಸಿ ಕಾಪಿಡುವ ಅಧಿಕಾರವನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಗೆ ಕೊಟ್ಟಿತು. ಅದನ್ನೂ ಕೊಲಂಬೊ ತಿರಸ್ಕರಿಸಿತು. ಆದರೆ ಆ ಕೆಲಸಕ್ಕೆ ಅದರ ಒಪ್ಪಿಗೆ ಬೇಕಿರಲಿಲ್ಲ.