ಟಿಕ್ ಟಿಕ್ ಸದ್ದಿಗೆ ಎಂಜಿನ್ ಬದಲಿಸಬೇಕೆ?

ಶಾರ್ಜಾದಲ್ಲಿ ನಾವು ನಾಲ್ವರು ಕೂಡಿ ಕೊಂಡ ಹಳೆಯ ವಿ6 ಕಾರಿನ ಎಂಜಿನ್ ಮೇಲ್ಭಾಗದಲ್ಲಿ ‘ಟಿಕ್ ಟಿಕ್’ ಸದ್ದು ಶುರುವಾಯಿತು. ಗ್ಯಾರೇಜೊಂದರಲ್ಲಿ ಎಂಜಿನ್ನೇ ಬದಲಿಸಿ ಎಂದರು. ಅವರು ಹೇಳಿದ ಮೊತ್ತವೆಂದರೆ ನಮ್ಮಲ್ಲೊಬ್ಬರು ಊರಿಗೆ ಕಳಿಸುವ ನಾಲ್ಕು ತಿಂಗಳ ಹಣ. ವೋಚರ್ ನೋಡದೆ ಸಹಿ ಹಾಕುವ ಅಭ್ಯಾಸ ನಮಗಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಮಂಗಳೂರು ಮೂಲದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆವು.

ಅವರು ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದರು. ಆಯಿಲ್ ಕಡಿಮೆಯಿತ್ತು, ಕಪ್ಪಾಗಿತ್ತು. ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ವಾಲ್ವ್ ಕವರಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸಿದರು. ‘ಕೆಳಗಿನಿಂದ ಗುದ್ದಿದ ಹಾಗೆ ಭಾರದ ಸದ್ದು ಬಂದರೆ ಗಾಡಿ ಓಡಿಸಲೇಬೇಡಿ. ಇದು ಹಗುರ, ವಾಲ್ವ್ ಕಡೆಯದ್ದು ಸರ್’ ಎಂದರು. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಹೀಗೇ ಕೇಳಿಸುತ್ತದಂತೆ. ಅಲ್ಲಿ ಮಸಿ ಇರಲಿಲ್ಲ.

ಕ್ಯಾಮ್ ಮತ್ತು ವಾಲ್ವ್ ನಡುವಿನ ಸಂದನ್ನು ಹೈಡ್ರಾಲಿಕ್ ಲಿಫ್ಟರ್‌ಗಳು ಆಯಿಲ್ ಒತ್ತಡದಿಂದ ತುಂಬುತ್ತವೆ. ಒಳಗೆ ಗಾಳಿಯೋ ಕೊಳೆಯೋ ಸೇರಿದರೆ ಸಂದು ಉಳಿದು ಲೋಹ ಬಡಿಯುತ್ತದೆ. ಈ ವ್ಯವಸ್ಥೆ ಇಲ್ಲದ ಎಂಜಿನ್‌ಗಳಲ್ಲಿ ಸಂದನ್ನು ಫೀಲರ್ ಗೇಜ್‌ನಿಂದ ಅಳೆದು ಸರಿಪಡಿಸಬೇಕು.

ಊರಿನವರಿಗೊಂದು ಮಾತು: ‘ಎಂಜಿನ್ ಹೋಯಿತು, ಈ ತಿಂಗಳು ದುಡ್ಡಿಲ್ಲ’ ಎಂದು ಮಗ ಫೋನ್ ಮಾಡಿದರೆ, ಆಯಿಲ್ ಪ್ರೆಶರ್ ಅಳೆಸಿದೆಯಾ ಎಂದು ಕೇಳಿ. ನಮ್ಮ ಕಾರಿನಲ್ಲಿ ಗೇಜ್ ಹಾಕಿ ನೋಡಿದಾಗ ಪ್ರೆಶರ್ ಸರಿಯಾಗಿತ್ತು. ಮ್ಯಾನ್ಯುಯಲ್‌ನಲ್ಲಿದ್ದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್ ಹಾಕಿಸಿದೆವು. ವಾರದಲ್ಲಿ ಸದ್ದು ಇಳಿಯಿತು. ಆದರೂ ಎರಡು ಲಿಫ್ಟರ್ ಹಟ ಬಿಡಲಿಲ್ಲ, ಅವನ್ನು ಬದಲಿಸಿದರು. ಕೂಲಿಯೂ ಸೇರಿ ಬಿಲ್ ಮೊದಲಿನವರು ಹೇಳಿದ್ದರ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಈಗಲೂ ಟಿಕ್ ಎನ್ನುತ್ತದೆ. ಆಯಿಲ್ ಮೇಲೇರುವ ತನಕ ಅಷ್ಟು ಇರುವುದೇ ಎನ್ನುತ್ತಾರೆ ಮೆಕ್ಯಾನಿಕ್.